ಶೇಕಡಾ ಎಷ್ಟು ಮುಗಿಯಿತು?



ಮಾರ್ಸ್ಡನ್ ಪಾರ್ಕಿನ ನಮ್ಮ ಮನೆಗಳಲ್ಲಿ ಓದದೆ ಉಳಿದ ಕನ್ನಡ ಪುಸ್ತಕಗಳಿಗೇನೂ ಬರವಿಲ್ಲ. ಊರಿಗೆ ಹೋದಾಗಲೆಲ್ಲ ಸಪ್ನಾದಲ್ಲೋ ಅಂಕಿತದಲ್ಲೋ ಕೊಂಡು, ಸೀರೆಗಳ ನಡುವೆ ತುರುಕಿ ತಂದವು. (ಸಿಡ್ನಿ ಏರ್‌ಪೋರ್ಟಿನಲ್ಲಿ ಉಪ್ಪಿನಕಾಯಿಗೆ ಲೆಕ್ಕ ಕೊಡಬೇಕು, ಪುಸ್ತಕಕ್ಕೆ ಯಾರೂ ಕೇಳುವುದಿಲ್ಲ!) ಆ ಲೆಕ್ಕವನ್ನೂ ನಾವೇ ಇಟ್ಟುಕೊಳ್ಳೋಣ ಎಂದು ಈ ವರ್ಷ ನಮ್ಮ ಬಳಗ ಒಂದು ಸ್ಪ್ರೆಡ್‌ಶೀಟ್ ತೆರೆಯಿತು. ಆಫೀಸಿನಲ್ಲಿ ಬ್ಯಾಕ್‌ಲಾಗ್ ಕರಗಿಸುವವರೇ ನಮ್ಮಲ್ಲಿ ಹೆಚ್ಚು. ಹಾಗಾಗಿ ಹೆಸರು, ಪುಟ, ಶೇಕಡಾ ಮುಗಿದದ್ದು ಎಂಬ ಮೂರು ಕಾಲಂ ಸಹಜವಾಗಿಯೇ ಬಂದವು. ಗುಡ್‌ರೀಡ್ಸ್ 2011ರಿಂದ ನಡೆಸುತ್ತಿರುವ ವಾರ್ಷಿಕ ಓದಿನ ಸವಾಲೂ ಇಂಥದ್ದೇ, ಪುಸ್ತಕಗಳ ತಲೆ ಎಣಿಕೆ.

ಎಣಿಸತೊಡಗಿದರೆ ತೆಳ್ಳಗಿನ ಪುಸ್ತಕಗಳೇ ಗೆಲ್ಲುತ್ತವೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' ಟಲಾವಾಂಗ್‌ನಿಂದ ಮೆಟ್ರೋ ಹಿಡಿದು ಸಿಟಿಗೆ ಹೋಗಿ ಬರುವಷ್ಟರಲ್ಲಿ ನೂರು ಶೇಕಡಾ. ಆದರೆ ಆ ನೀಳ್ಗತೆಯ ತಿರುಳಿರುವುದು ನಿರೂಪಕ ಬಾಯಿಬಿಟ್ಟು ಹೇಳದ ಮಾತುಗಳಲ್ಲಿ. ಕಾಫಿ ಹೌಸಿನ ಕೊನೆಯ ದೃಶ್ಯ ತಲುಪಿದ ಮೇಲೆ ಮೊದಲ ಪುಟಕ್ಕೆ ಮರಳಿದರೆ, ಅಷ್ಟು ಹೊತ್ತು ಸಭ್ಯನಂತೆ ಕಂಡವನ ಅಳುಕೇ ಬೇರೆಯಾಗಿ ಕೇಳಿಸುತ್ತದೆ. ಪಟ್ಟಿಯಲ್ಲಿ ಮುಗಿಯಿತು ಎಂದು ಬರೆಯುವ ಜಾಗದಲ್ಲೇ ಅದರ ಓದು ಶುರುವಾಗುವುದು.

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಇದಕ್ಕೆ ತದ್ವಿರುದ್ಧ. ಏಳುನೂರು ಪುಟಗಳ ಆಸುಪಾಸಿನ ಈ ಕಾದಂಬರಿ ನಮ್ಮಲ್ಲಿ ಹೆಚ್ಚಿನವರ ಸಾಲಿನಲ್ಲಿ ಹನ್ನೆರಡು, ಹದಿನೈದು ಶೇಕಡಾದಲ್ಲೇ ಕೂತಿದೆ. ಸೋಮಾರಿತನ ಎಂದು ತಳ್ಳಿಹಾಕುವುದು ಸುಲಭ. ನಮಗೆ ಅನ್ನಿಸುವುದು ಬೇರೆ. 'ಕಾನೂರು ಹೆಗ್ಗಡಿತಿ'ಯಲ್ಲಿ (1936) ಹೂವಯ್ಯನ ಹಿಂದೆ ನಡೆದರೆ ದಾರಿ ತಪ್ಪುವುದಿಲ್ಲ. ಇಲ್ಲಿ ಹಾಗೆ ಕೈಹಿಡಿದು ನಡೆಸುವ ನಾಯಕನಿಲ್ಲ. ಗುತ್ತಿ-ತಿಮ್ಮಿ, ಐತ-ಪೀಂಚಲು, ಮುಕುಂದಯ್ಯ-ಚಿನ್ನಮ್ಮ... ಒಂದು ಎಳೆಯನ್ನು ಕಾಡಿನಲ್ಲಿ ಬಿಟ್ಟು ಇನ್ನೊಂದಕ್ಕೆ ಹೋದ ಕತೆ ಎಷ್ಟೋ ಪುಟಗಳಾದ ಮೇಲೆ ಮರಳುತ್ತದೆ. ದಿನಕ್ಕೆ ಇಪ್ಪತ್ತು ಪುಟ ಎಂಬ ಕೋಟಾದಲ್ಲಿ ಓದಿದವರಿಗೆ ಅಷ್ಟರಲ್ಲಿ ಸಿಂಬಾವಿ ಯಾವುದು, ಬೆಟ್ಟಳ್ಳಿ ಯಾವುದು ಎಂಬುದೇ ಮರೆತಿರುತ್ತದೆ! ಕಾಡಿನ ವರ್ಣನೆ ಕೆಲವೆಡೆ ಕತೆಯನ್ನು ತಡೆದು ನಿಲ್ಲಿಸುತ್ತದೆ ಎಂಬ ದೂರೂ ನಮ್ಮಲ್ಲುಂಟು, ಪೂರ್ತಿ ಸುಳ್ಳಲ್ಲ. ಆದರೆ ಆ ನಿಧಾನ ನಡೆದೇ ಹೋಗಬೇಕಾದ ಮಲೆನಾಡಿನದು. ಗುತ್ತಿಯ ಜೊತೆ ನಾಯಿ ಹುಲಿಯ ಹೆಜ್ಜೆ ಹಾಕುವಷ್ಟೇ ವೇಗ. 2010ರಲ್ಲಿ ಸಿ. ಬಸವಲಿಂಗಯ್ಯನವರು ಮೈಸೂರಿನ ರಂಗಾಯಣದಲ್ಲಿ ಇದನ್ನು ರಂಗಕ್ಕೆ ತಂದಾಗಲೂ ಇಡೀ ರಾತ್ರಿ, ಸುಮಾರು ಒಂಬತ್ತು ಗಂಟೆ ಹಿಡಿಯಿತು. ಪ್ರೇಕ್ಷಕರು ಬೆಳಗಿನವರೆಗೆ ಕೂತರು.

ಇಷ್ಟಕ್ಕೂ ಮುಗಿಸಲೇಬೇಕೆಂಬ ಆತುರ ನಮಗೇಕೆ? ಮಕ್ಕಳು ಕನ್ನಡ ಮಾತಾಡುತ್ತಾರೆ, ಅಕ್ಷರ ಓದುವುದಿಲ್ಲ. ಭಾನುವಾರದ ತರಗತಿ ಕಾಗುಣಿತದವರೆಗೆ ತಲುಪಿಸುತ್ತದೆ, ಕುವೆಂಪು ಇನ್ನೂ ದೂರ. ಈ ಕಪಾಟಿಗೆ ನಾವೇ ಕೊನೆಯ ಓದುಗರಾಗಬಹುದು ಎಂಬ ಭಯ ಯಾವ ಕಾಲಂನಲ್ಲೂ ಬರೆದಿಲ್ಲ, ಆದರೂ ಎಲ್ಲರಿಗೂ ಗೊತ್ತು.

ಹಾಗಾಗಿ ಶೇಕಡಾ ಕಾಲಂ ತೆಗೆದು 'ಯಾರಿಗೆ ಓದಿ ಹೇಳಿದಿರಿ' ಎಂದು ಹಾಕಿದ್ದೇವೆ. ಮಲೆನಾಡಿನ ಆಡುಮಾತು ಕಣ್ಣಿಗೆ ತೊಡಕಾದರೂ ಕಿವಿಗೆ ಸಲೀಸು, ಇದು ಗಟ್ಟಿಯಾಗಿ ಓದಿದವರೆಲ್ಲ ಹೇಳುತ್ತಿರುವ ಮಾತು. 'ಮದುಮಗಳು' ಸಾಲಿನಲ್ಲಿ ಸದ್ಯಕ್ಕೆ ಎರಡು ಮನೆಗಳ ಮಕ್ಕಳ ಹೆಸರಿದೆ. ಹುಲಿಯನಿಗೆ ಮುಂದೆ ಏನಾಗುತ್ತದೆ ಎಂದು ದಿನವೂ ಕೇಳುತ್ತಾರಂತೆ. ಇನ್ನೂ ಯಾರೂ ಹೇಳಿಲ್ಲ.