ಮುರಕಲ್ಲ ಪಾದೆಯ ಕಪ್ಪೆ ಮತ್ತು ವಿಕಾಸದ ಆಟಗಳು

ಮಣಿಪಾಲದ ಮುರಕಲ್ಲ ಪಾದೆಗಳಲ್ಲಿ ಮಳೆಗಾಲದ ಇರುಳು ಒಂದು ಸದ್ದು ಕೇಳುತ್ತದೆ. ಜೀರುಂಡೆ ಎಂದುಕೊಂಡರೆ ತಪ್ಪು, ಅದು ಕಪ್ಪೆ. ಸುಮಾರು 1.6 ಸೆಂಟಿಮೀಟರ್ ಉದ್ದದ ಆ ಕಿರುಬಾಯಿ ಕಪ್ಪೆಗೆ 2016ರಲ್ಲಿ ವಿಜ್ಞಾನಿಗಳು ‘ಮೈಕ್ರೊಹೈಲಾ ಲ್ಯಾಟರೈಟ್’ ಎಂದು ಹೆಸರಿಟ್ಟರು. ಅದು ಬದುಕುವ ಕಲ್ಲೇ ಅದರ ಹೆಸರಾಯಿತು. ಜೀವವಿಕಾಸವನ್ನು ಆಡಿಸಲು ಹೊರಟ ವಿಡಿಯೋ ಗೇಮುಗಳನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಕಾಣುವುದಿಲ್ಲ. ಇಂಥದೊಂದು ಜೀವಿ, ಯಾರೂ ಬಯಸದೆ, ಯಾರೂ ರೂಪಿಸದೆ, ಯಾವ ಆಟದಲ್ಲಿ ಹುಟ್ಟಿ ಉಳಿದೀತು?

2008ರಲ್ಲಿ ಬಂದ ವಿಲ್ ರೈಟ್ ಅವರ ‘ಸ್ಪೋರ್’ನಲ್ಲಂತೂ ಆಗದು. ಜೀವಕೋಶದಿಂದ ಬಾಹ್ಯಾಕಾಶದವರೆಗೆ ಅಲ್ಲಿ 5 ಹಂತ. ಬಾಯಿ, ಕಾಲು, ಕೊಂಬುಗಳನ್ನು ಡಿಎನ್‌ಎ ಅಂಕ ಕೊಟ್ಟು ಕೊಂಡು ಜೋಡಿಸಬಹುದು. ಮಣ್ಣಿನಲ್ಲಿ ಗೊಂಬೆ ಮಾಡುವ ಆ ಸುಖ ನಿಜವಾದದ್ದು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಮರಿ ತಾಯಿಯನ್ನು ಹೋಲಲೇಬೇಕೆಂದಿಲ್ಲ. ಆಟಗಾರನ ಮನಸ್ಸಿಗೆ ಬಂದದ್ದೇ ಅನುವಂಶೀಯತೆ. ದಾರಿ ಇರುವುದೂ ಮೇಲಕ್ಕೆ ಮಾತ್ರ. ನಮ್ಮ ಪರಮಪದದ ಪಟದಲ್ಲಿ ಹಾವು ಹಾವಿನಂತೆ ಕಾಣದಿದ್ದರೂ ನಡೆಯುತ್ತದೆ, ಏಕೆಂದರೆ ಕರ್ಮದ ತತ್ತ್ವ ಇರುವುದು ಚಿತ್ರದಲ್ಲಲ್ಲ, ನಿಯಮದಲ್ಲಿ. ಆಟದ ನಿಜ ಕೂತಿರುವುದು ಅಲ್ಲಿ. ‘ಸ್ಪೋರ್’ನ ಪ್ರಾಣಿಗಳು ವಿಚಿತ್ರವಾಗಿರುವುದು ದೋಷವಲ್ಲ, ವಿಕಾಸದ ಹೆಸರಿನಲ್ಲಿ ಅದು ಏಣಿಯನ್ನು ಆಡಿಸಿತು ಎಂಬುದು ದೋಷ. ಅಲ್ಲಿ ಕಪ್ಪೆ ಒಂದು ಮೆಟ್ಟಿಲು, ತುಳಿದು ದಾಟಿಹೋಗಲು.

ನಿಯಮ ಸರಿಯಿದ್ದರೆ ಆಟ ನೀರಸವಾಗುತ್ತದೆ, ವಿಕಾಸಕ್ಕೆ ಗುರಿಯಿಲ್ಲ, ಆಟಗಾರ ಬರೀ ನೋಡುಗನಾಗುತ್ತಾನೆ ಎಂಬ ಆಕ್ಷೇಪ ಸುಳ್ಳಲ್ಲ. ಲವ್‌ಲಾಕರ ‘ಭೂಮಿಯೇ ಒಂದು ಜೀವಿಯಂತೆ’ ಎಂಬ ಗಾಯಾ ಚಿಂತನೆಯನ್ನು ಆಧರಿಸಿದ ‘ಸಿಮ್‌ಅರ್ತ್’ (1990) ಇಡೀ ಗ್ರಹವನ್ನು ಕೈಗೆ ಕೊಟ್ಟರೂ ಒಂದೇ ಒಂದು ಜೀವಿಯ ಮೇಲೆ ಮಮತೆ ಹುಟ್ಟಿಸಲಿಲ್ಲ. ಆದರೆ ಅದಕ್ಕೂ ಮೊದಲೇ, 1986ರಲ್ಲಿ, ರಿಚರ್ಡ್ ಡಾಕಿನ್ಸ್ ತಮ್ಮ ಪುಸ್ತಕಕ್ಕಾಗಿ ಬರೆದ ಪುಟ್ಟ ‘ಬಯೋಮಾರ್ಫ್’ ಪ್ರೋಗ್ರಾಮು ಬೇರೆ ದಾರಿ ತೋರಿಸಿತ್ತು. ತಾಯಿಗಿಂತ ತುಸುವೇ ಬೇರೆಯಾದ ಗೆರೆಚಿತ್ರದ ಮರಿಗಳು ಪರದೆಯ ಮೇಲೆ ಬರುತ್ತವೆ, ನೋಡುಗ ಒಂದನ್ನು ಆರಿಸುತ್ತಾನೆ, ಅದು ಮತ್ತೆ ಹೆರುತ್ತದೆ. ಅಷ್ಟೇ. ಅಷ್ಟರಲ್ಲೇ ಕೀಟಗಳಂಥ ಆಕಾರಗಳು ಮೂಡಿ, ಬರೆದವರನ್ನೇ ಬೆರಗಾಗಿಸಿದವು. ಇಲ್ಲಿ ರಂಜನೆ ವಿಜ್ಞಾನದ ಮೇಲೆ ಬಳಿದ ಸಕ್ಕರೆಯಲ್ಲ, ನಿಯಮದಿಂದಲೇ ಹುಟ್ಟಿದ್ದು. ವ್ಯತ್ಯಾಸ, ಅನುವಂಶೀಯತೆ, ಆಯ್ಕೆ ಈ ಮೂರನ್ನು ಕೆಡಿಸದಿದ್ದರೆ ಉಳಿದದ್ದನ್ನು ಎಷ್ಟು ಬೇಕಾದರೂ ಹಿಗ್ಗಿಸಬಹುದು, ಕುಗ್ಗಿಸಬಹುದು. ಲಕ್ಷ ವರ್ಷ ಒಂದು ನಿಮಿಷವಾದರೆ ಯಾರಿಗೇನು ನಷ್ಟ?

ನೋಡುಗರ ಆಯ್ಕೆ ಪ್ರಕೃತಿಯದಲ್ಲ, ಸಾಕಣೆಯದು ಎನ್ನುವವರಿಗೆ ಡಾರ್ವಿನ್ನನೇ ಉತ್ತರ: ಆತ ತನ್ನ ವಾದವನ್ನು ಶುರುಮಾಡಿದ್ದು ಸಾಕಿದ ಪಾರಿವಾಳಗಳಿಂದ. ಇಂದಿನ ‘ಥ್ರೈವ್’ ಎಂಬ ಮುಕ್ತ ತಂತ್ರಾಂಶದ ಆಟ ಅರ್ಧ ದಾರಿ ಬಂದಿದೆ. ಅಲ್ಲಿ ಸುತ್ತಲಿನ ಜೀವಿಗಳು ಲೆಕ್ಕಾಚಾರದ ಆಯ್ಕೆಗೆ ಒಳಪಟ್ಟು ಬೆಳೆಯುತ್ತವೆ, ಅಳಿಯುತ್ತವೆ. ಆಟಗಾರ ಮಾತ್ರ ತನ್ನ ಕೋಶಕ್ಕೆ ಬೇಕಾದ ಅಂಗವನ್ನು ತಾನೇ ಇಟ್ಟುಕೊಳ್ಳುತ್ತಾನೆ. ಈ ವಿನಾಯಿತಿ ಬೇಕಿರಲಿಲ್ಲ. ಕಾಪುವಿನ ಬಳಿಯ ಮಟ್ಟುವಿನಲ್ಲಿ ಗುಳ್ಳ ಬದನೆ ಬೆಳೆಯುವ ರೈತ ಗುಳ್ಳದ ಚಿತ್ರ ಬರೆಯುವುದಿಲ್ಲ. ಯಾವ ಕಾಯಿಯನ್ನು ಬೀಜಕ್ಕೆ ಬಿಡಬೇಕೆಂಬುದಷ್ಟೇ ಅವನ ಕೈಯಲ್ಲಿದೆ. ಉಳಿದದ್ದು ಮಣ್ಣು, ಮಳೆ, ಹುಳದ ಪಾಲು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಆ ತಳಿ ಹೀಗೆ ತಲೆಮಾರುಗಳ ಆಯ್ಕೆಯಿಂದ ಬಂದದ್ದು. ಆಟಗಾರನಿಗೂ ಅಷ್ಟೇ ಕೊಡಿ: ಹತ್ತು ಮರಿಗಳು, ಬರಲಿರುವ ಒಂದು ಮಳೆಗಾಲ, ಬೀಜಕ್ಕೆ ಬಿಡಲು ಒಂದೇ ಒಂದು.