ಮುಖದ ಮಧ್ಯರೇಖೆಯನ್ನು ಎಳೆಯುವವರು ಯಾರು?

ಹುಟ್ಟಿನಿಂದಲೇ ದವಡೆಯ ಒಂದು ಪಕ್ಕ ಸಣ್ಣದಾಗಿ ಉಳಿದವರಿಗೆ, ಅಪಘಾತದಲ್ಲಿ ಕೆನ್ನೆಮೂಳೆ ಕುಸಿದವರಿಗೆ ಈಗ ಅವರವರ ಮೂಳೆಗೆ ಒಪ್ಪುವ ಇಂಪ್ಲಾಂಟನ್ನು ಕಂಪ್ಯೂಟರಿನಲ್ಲೇ ರೂಪಿಸುತ್ತಾರೆ. ಸಿ.ಟಿ. ಸ್ಕ್ಯಾನಿನಿಂದ ತಲೆಬುರುಡೆಯ ಮಾದರಿ ತೆಗೆದು, ಸರಿಯಿರುವ ಪಕ್ಕದ ಕನ್ನಡಿ ಬಿಂಬವನ್ನು ಕುಂದಿರುವ ಪಕ್ಕದ ಮೇಲೆ ಕೂರಿಸುತ್ತಾರೆ. ಎರಡರ ನಡುವಿನ ಅಂತರವೇ ಇಂಪ್ಲಾಂಟಿನ ಆಕಾರ. ಆಮೇಲೆ ಅದು ಟೈಟಾನಿಯಂನಲ್ಲೋ ಪೀಕ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನಲ್ಲೋ ತಯಾರಾಗುತ್ತದೆ.

ಸಿದ್ಧ ಅಳತೆಯ ತುಂಡನ್ನು ರೋಗಿ ಮೇಜಿನ ಮೇಲೆ ಮಲಗಿರುವಾಗಲೇ ಕೆತ್ತಿ ಹೊಂದಿಸುವ ಪಾಡು ಇದರಿಂದ ತಪ್ಪಿದೆ. ಗದ್ದದ ನರ ಮೂಳೆಯಿಂದ ಎಲ್ಲಿ ಹೊರಬರುತ್ತದೆ, ಸ್ಕ್ರೂ ಎಲ್ಲಿ ಕೂರಬೇಕು ಎಂಬುದು ಶಸ್ತ್ರಚಿಕಿತ್ಸಕರಿಗೆ ಮೊದಲೇ ತಿಳಿದಿರುತ್ತದೆ. ಮೂಳೆಗೆ ಹೊಂದುವ ವಿಷಯದಲ್ಲಿ ಈ ವಿಧಾನವನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ಬಿಂಬ ತೆಗೆಯಲು ಮುಖವನ್ನು ಎರಡು ಭಾಗ ಮಾಡುವ ಮಧ್ಯರೇಖೆ ಬೇಕು. ಮೂಗಿನ ಬುಡ, ತಲೆಬುರುಡೆಯ ತಳ ಇಂಥ ಕಡೆ ಬಿಂದುಗಳನ್ನು ಗುರುತಿಸಿ ಅದನ್ನು ನಿಗದಿಪಡಿಸುತ್ತಾರೆ. ಹುಟ್ಟಿನಿಂದ ಬಂದ ಅಸಮತೆಯಲ್ಲಿ ಈ ಬಿಂದುಗಳೇ ಓರೆಯಾಗಿರಬಹುದು. ರೇಖೆ ಮೂಗಿನ ಬುಡದಲ್ಲಿ ಬರೀ 1 ಡಿಗ್ರಿ ವಾಲಿದರೂ ಬಿಂಬ 2 ಡಿಗ್ರಿ ತಿರುಗುತ್ತದೆ. ಅಲ್ಲಿಂದ 10 ಸೆಂ.ಮೀ. ದೂರದ ದವಡೆಯ ಮೂಲೆ ಸುಮಾರು 3.5 ಮಿ.ಮೀ. ಸರಿಯುತ್ತದೆ. ಮುಖದ ಮೇಲೆ ಅಷ್ಟು ವ್ಯತ್ಯಾಸ ಎದುರಿಗಿರುವವರ ಕಣ್ಣಿಗೆ ಬೀಳಬಹುದು. ಪರದೆಯ ಮೇಲಿನ ನುಣುಪಾದ ಚಿತ್ರದಲ್ಲಿ ಮಾತ್ರ ಈ ತಪ್ಪು ಕಾಣುವುದಿಲ್ಲ, ಏಕೆಂದರೆ ಇಂಪ್ಲಾಂಟ್ ತನ್ನ ಲೆಕ್ಕಕ್ಕೆ ಸರಿಯಾಗಿಯೇ ಕೂತಿರುತ್ತದೆ. ನಾನು ಹೆಚ್ಚು ಅಂಜುವುದು ಇದಕ್ಕೇ.

ಇನ್ನೊಂದು ಕೊರತೆ ಚರ್ಮ ಮತ್ತು ಸ್ನಾಯುವಿನದು. ಮೂಳೆಯ ಮೇಲೆ 5 ಮಿ.ಮೀ. ಸೇರಿಸಿದರೆ ಕೆನ್ನೆ ಅಷ್ಟೇ ಉಬ್ಬುತ್ತದೆ ಎನ್ನುವಂತಿಲ್ಲ. ಪ್ಯಾರಿ-ರಾಂಬರ್ಗ್ ಕಾಯಿಲೆಯಲ್ಲಿ ಮುಖದ ಒಂದು ಪಕ್ಕದ ಚರ್ಮ, ಕೊಬ್ಬು ಕರಗುತ್ತಾ ಹೋಗುತ್ತವೆ. ತೆಳುವಾದ ಆ ಚರ್ಮದಡಿ ಗಟ್ಟಿ ಇಂಪ್ಲಾಂಟ್ ಇಟ್ಟರೆ ಅದರ ಅಂಚು ಎದ್ದು ಕಾಣುವ, ಚರ್ಮ ಸವೆದು ಹೊರಬರುವ ಅಪಾಯವಿದೆ. ಅಲ್ಲಿ ಕಾಯಿಲೆ ನಿಂತ ಮೇಲೆ ದೇಹದ ಬೇರೆ ಕಡೆಯ ಕೊಬ್ಬನ್ನು ತಂದು ತುಂಬುವುದೇ ಮೊದಲು ಯೋಚಿಸಬೇಕಾದ ದಾರಿ. ಅಲ್ಲದೆ ಸ್ಕ್ಯಾನ್ ಮಾಡುವುದು ಮಲಗಿದ, ನಿಶ್ಚಲ ಮುಖವನ್ನು. ನಗುವಾಗ ತುಟಿ ಯಾವ ಕಡೆ ಎಳೆಯುತ್ತದೆ ಎಂಬುದು ಅದರಲ್ಲಿ ಇರುವುದೇ ಇಲ್ಲ.

ಹಾಗಾಗಿ ಗಾಯದಿಂದ ಮೂಳೆ ಕುಂದಿ, ಇನ್ನೊಂದು ಪಕ್ಕ ನೆಟ್ಟಗಿರುವ ಕಡೆ ಈ ಯೋಜನೆಯನ್ನು ನಂಬಬಹುದು. ಉಳಿದ ಕಡೆ ಅದು ಬರೀ ಕರಡು. ಒಪ್ಪಿಗೆಯ ಸಹಿ ಹಾಕುವ ಮುನ್ನ ಮಧ್ಯರೇಖೆಯನ್ನು ಎಳೆದವರು ತಂತ್ರಜ್ಞರೋ ನಿಮ್ಮ ಮುಖ ನೋಡಿದ ವೈದ್ಯರೋ ಎಂದು ದಯವಿಟ್ಟು ಕೇಳಿ.