ಮಾಯೆಯ ಸೋಲು: ಪ್ರಭುಲಿಂಗಲೀಲೆಯನ್ನು ಕುರಿತು ಒಂದು ವಿಚಾರ

ಮಂತ್ರಶಕ್ತಿ, ಬಂಡಾಯ, ಇಬ್ಬಗೆಯ ನಿಷ್ಠೆ ಈ ಮೂರನ್ನು ಹೆಣೆದ ಬೃಹತ್ಕಾದಂಬರಿಗಳು ಪಾಶ್ಚಾತ್ಯ ದೇಶಗಳಿಂದ ಬಂದು ನಮ್ಮ ತರುಣರ ಮನಸ್ಸನ್ನು ಸೆಳೆದಿವೆ. ಯಲಹಂಕ, ಹೆಬ್ಬಾಳ, ಯಶವಂತಪುರಗಳ ಕಡೆಯ ಕಾಲೇಜು ವಿದ್ಯಾರ್ಥಿಗಳಲ್ಲಿ 1954-55ರಲ್ಲಿ ಪ್ರಕಟವಾದ ಟೋಲ್ಕಿನ್ನರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಕೃತಿಯ ಹೆಸರನ್ನು ಕೇಳದವರು ವಿರಳ. ಚಾಮರಸನ ಪ್ರಭುಲಿಂಗಲೀಲೆಯನ್ನು ಆದ್ಯಂತ ಓದಿದವರೂ ವಿರಳ. ಆ ಕಾವ್ಯವನ್ನು ಸಿದ್ಧಾಂತದ ಪ್ರಮಾಣಗ್ರಂಥವೆಂದು ಮಾತ್ರ ಪರಿಚಯಿಸುವ ವಾಡಿಕೆ ಇದಕ್ಕೆ ಒಂದು ಕಾರಣ. ಕಥೆಯಾಗಿ ಅದು ಏನನ್ನು ಸಾಧಿಸಿದೆ, ಎಲ್ಲಿ ಎಡವಿದೆ ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಚಾಮರಸನು ಪ್ರೌಢದೇವರಾಯನ ಕಾಲದ (1424-1446) ಕವಿ. ಭಾಮಿನೀ ಷಟ್ಪದಿಯ 25 ಗತಿಗಳ ಈ ಕಾವ್ಯವು ಕೈಲಾಸದ ಒಂದು ಪಂಥದಿಂದ ಮೊದಲಾಗುತ್ತದೆ. ಅಲ್ಲಮನನ್ನು ಮಾಯೆ ಮುಟ್ಟಲಾರದೆಂದು ಶಿವನು ನುಡಿಯಲು, ಪಾರ್ವತಿಯು ಅದನ್ನು ಒಪ್ಪದೆ ತನ್ನ ತಾಮಸಕಳೆಯನ್ನು ಭೂಮಿಗೆ ಕಳುಹಿಸುತ್ತಾಳೆ. ಆ ಕಳೆಯು ಬನವಸೆಯ ಮಮಕಾರರಾಯನಿಗೂ ಮೋಹಿನಿಗೂ ಮಗಳಾಗಿ ಹುಟ್ಟುತ್ತದೆ. ನಿರಹಂಕಾರ ಸುಜ್ಞಾನಿಯರ ಮಗನಾದ ಅಲ್ಲಮನು ಮಧುಕೇಶ್ವರನ ಗುಡಿಯಲ್ಲಿ ಮದ್ದಳೆ ಬಾರಿಸುತ್ತ ಅವಳ ಕಣ್ಣಿಗೆ ಬೀಳುತ್ತಾನೆ. ಮರುಳುಗೊಳಿಸಲು ಬಂದವಳು ತಾನೇ ಮರುಳಾಗುತ್ತಾಳೆ.

ಕಾವ್ಯದ ಜೀವಾಳವಿರುವುದು ಇಲ್ಲಿ. ಮಾಯೆಯು ದೇವಿಯ ಆಜ್ಞೆಗೆ ಕಟ್ಟುಬಿದ್ದವಳು. ಆದರೆ ಅವಳ ವಿರಹವು ನಟನೆಯಲ್ಲ. ಕಳುಹಿಸಿದವಳಿಗೆ ಸಲ್ಲಬೇಕಾದ ನಿಷ್ಠೆಯೂ ಒಲಿದವನಿಗೆ ಸಲ್ಲುವ ನಿಷ್ಠೆಯೂ ಅವಳ ಎದೆಯಲ್ಲಿ ಒಂದರೊಳಗೊಂದು ಬೆರೆತು, ಯಾವುದು ಯಾವುದೆಂದು ಅವಳಿಗೇ ತಿಳಿಯದಾಗುತ್ತದೆ. ಸಖಿಯಾದ ವಿಮಲೆ ಎಷ್ಟು ಹೇಳಿದರೂ ಅವಳ ಮನಸ್ಸು ತಿರುಗದು. ಕಡೆಗೆ ಅಲ್ಲಮನು ಕೈಗೆ ಸಿಗದೆ ಹೋಗುತ್ತಾನೆ. ಅವಳು ಲಜ್ಜೆಯಿಂದ ಕೈಲಾಸಕ್ಕೆ ಮರಳುತ್ತಾಳೆ.

ಈ ಕಥೆ ಹರಿಹರನಲ್ಲಿ ಬೇರೆಯಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಪ್ರಭುದೇವರ ರಗಳೆಯ ಅಲ್ಲಮನು ಕಾಮಲತೆಯೆಂಬ ಹೆಣ್ಣಿಗೆ ಒಲಿದವನು. ಅವಳು ಜ್ವರದಿಂದ ತೀರಿಕೊಳ್ಳಲು, ದುಃಖದಲ್ಲಿ ಅಲೆಯುತ್ತ ನೆಲದಲ್ಲಿ ಹುದುಗಿದ್ದ ಗುಡಿಯ ಕಳಸವನ್ನು ಕಂಡು, ಒಳಹೊಕ್ಕು, ಅನಿಮಿಷಯ್ಯನಿಂದ ಲಿಂಗವನ್ನು ಪಡೆದವನು. ಚಾಮರಸನು ಈ ಶೋಕವನ್ನು ಸಂಪೂರ್ಣವಾಗಿ ತೆಗೆದುಹಾಕಿದನು. ನಿತ್ಯಮುಕ್ತನಿಗೆ ಮೋಹವನ್ನು ಆರೋಪಿಸಬಾರದೆಂಬ ಶ್ರದ್ಧೆ ಇದರ ಹಿಂದಿರಬೇಕು. ತತ್ತ್ವದ ದೃಷ್ಟಿಯಿಂದ ಇದು ಯುಕ್ತವೆನ್ನೋಣ. ಆದರೆ ಸೋಲುವ ಸಂಭವವೇ ಇಲ್ಲದವನ ಗೆಲುವಿನಲ್ಲಿ ಓದುಗನಿಗೆ ಆತಂಕವಿಲ್ಲ. ಅಲ್ಲಮನಿಂದ ಕಳಚಿದ ಮಾನವೀಯತೆಯೆಲ್ಲವೂ ಮಾಯೆಯ ಪಾಲಿಗೆ ಬಂದಿದೆ. ಬನವಸೆಯ ಭಾಗದ ನಿಜವಾದ ನಾಯಿಕೆ ಅವಳೇ. ಅವಳನ್ನು ಪಂಥಕ್ಕೆ ಒಡ್ಡಿದ ದೇವಿಯಾಗಲಿ, ಆಡಿಸಿದ ಕವಿಯಾಗಲಿ ಅವಳಿಗೆ ಒಂದು ಸಮಾಧಾನದ ಮಾತನ್ನು ಮೀಸಲಿಡಲಿಲ್ಲ. ಇದು ಕಾವ್ಯದ ಕೊರತೆಯೆಂದೇ ನಮ್ಮ ಅಭಿಪ್ರಾಯ.

ಆದರೂ ಚಾಮರಸನು ಅಲ್ಲಿಗೇ ನಿಲ್ಲಲಿಲ್ಲ. ಅದೇ ದೇವಿಯ ಸಾತ್ತ್ವಿಕಕಳೆಯು ಉಡುತಡಿಯಲ್ಲಿ ಮಹಾದೇವಿಯಾಗಿ ಹುಟ್ಟುತ್ತದೆ. ಮಾಯೆಗೆ ಸಾಧ್ಯವಾಗದಿದ್ದ ಆಯ್ಕೆ ಇವಳಿಗೆ ಸಾಧ್ಯವಾಯಿತು. ಕೌಶಿಕರಾಜನ ಅರಮನೆಯನ್ನೂ ಲೋಕದ ಲಜ್ಜೆಯನ್ನೂ ತೊರೆದು ನಡೆದ ಅವಳ ನಿಷ್ಠೆಯಲ್ಲಿ ಬಿರುಕಿಲ್ಲ. ಈ ಕಾವ್ಯದ ದೊಡ್ಡ ಬಂಡಾಯ ಇದೇ. ಅದಕ್ಕೆ ಸೈನ್ಯ ಬೇಕಾಗಲಿಲ್ಲ. ಲಜ್ಜೆಯಿಂದ ಮರಳಿದ ಮಾಯೆಯನ್ನೂ ಲಜ್ಜೆಯನ್ನೇ ಕಳೆದು ಹೊರಟ ಅಕ್ಕನನ್ನೂ ಒಟ್ಟಿಗೆ ನೋಡಿದಾಗ, ಇಬ್ಬರೂ ಒಂದೇ ಶಕ್ತಿಯ ಎರಡು ನಡೆಗಳೆಂಬುದು ಮನದಟ್ಟಾಗುತ್ತದೆ.

ಇನ್ನು ಮಾಂತ್ರಿಕತೆಯ ವಿಷಯ. ಟೋಲ್ಕಿನ್ನರ ಕಥೆಯಲ್ಲಿ ಉಂಗುರದ ಶಕ್ತಿಯನ್ನು ಬಳಸದೆ ಬೆಂಕಿಗೆ ಹಾಕಿ ನಾಶಮಾಡುವುದೇ ಗುರಿ. ಒಳ್ಳೆಯವರೂ ಅದರ ಆಸೆಗೆ ಸಿಕ್ಕಿ ಬೀಳುತ್ತಾರೆ. ಶಕ್ತಿಯ ಮೇಲಿನ ಈ ಅಪನಂಬಿಕೆ ಚಾಮರಸನಿಗೂ ಪರಿಚಿತ. ಗೋರಕ್ಷನು ಯೋಗಬಲದಿಂದ ವಜ್ರಕಾಯನಾದವನು. ತನ್ನನ್ನು ಕಡಿಯೆಂದು ಅಲ್ಲಮನ ಕೈಗೆ ಖಡ್ಗವನ್ನು ಕೊಡುತ್ತಾನೆ; ಕಡಿದರೆ ಖಣಿಲೆಂಬ ಸದ್ದು ಮಾತ್ರ. ಬಳಿಕ ಅವನು ಅಲ್ಲಮನನ್ನು ಕಡಿದರೆ ಖಡ್ಗವು ಬಯಲಲ್ಲಿ ಬೀಸಿದಂತೆ ಹಾಯ್ದುಹೋಗುತ್ತದೆ. ಸಿದ್ಧಿಯು ದೇಹವನ್ನು ಗಟ್ಟಿಗೊಳಿಸಿತು, ಅರಿವು ದೇಹಭಾವವನ್ನೇ ಕರಗಿಸಿತು. ಸದ್ದು ಬಂದದ್ದೇ ಗೋರಕ್ಷನ ಸೋಲು. ಬನವಸೆಯಲ್ಲಿ ನೀರಸವಾಗಿ ತೋರಿದ ಅಲ್ಲಮನ ನಿರ್ಲೇಪತೆಯು ಇಲ್ಲಿ ಅರ್ಥಪೂರ್ಣವಾಗುತ್ತದೆ, ಏಕೆಂದರೆ ಇಲ್ಲಿ ಎದುರಾಳಿಯಾಗಿರುವುದು ಪ್ರೇಮವಲ್ಲ, ಅಹಂಕಾರ. ಸೊನ್ನಲಿಗೆಯ ಪ್ರಸಂಗವೂ ಈ ಜಾತಿಯದೇ: ಕೆರೆಗಳನ್ನು ಕಟ್ಟಿಸಿದ ಪುಣ್ಯಾತ್ಮನಾದ ಸಿದ್ಧರಾಮನು ಹಣೆಗಣ್ಣನ್ನು ತೆರೆದರೂ ಅಲ್ಲಮನು ಬೇಯಲಿಲ್ಲ, ಕರ್ತೃತ್ವದ ಹೆಮ್ಮೆಯೇ ಬೆಂದಿತು.

ಆದಕಾರಣ ಹರಿಹರನನ್ನೂ ಚಾಮರಸನನ್ನೂ ಒಬ್ಬರ ಬದಲಿಗೆ ಇನ್ನೊಬ್ಬರೆಂದು ಓದದೆ ಜೊತೆಯಾಗಿ ಓದುವುದು ಲೇಸು. ಅಲ್ಲಮನು ಏನನ್ನು ದಾಟಿದನೆಂಬುದನ್ನು ಹರಿಹರನು ತಿಳಿಸುತ್ತಾನೆ. ದಾಟಿದ ಮೇಲೆ ಏನಾದನೆಂಬುದನ್ನು ಚಾಮರಸನು ತಿಳಿಸುತ್ತಾನೆ. ಶ್ರಾವಣಮಾಸದಲ್ಲಿ ಪ್ರಭುಲಿಂಗಲೀಲೆಯ ಪುರಾಣವನ್ನು ಹೇಳುವವರು ಮಾಯೆಯ ಭಂಗವನ್ನು ನಗೆಯಾಡಿ ಮುಂದೆ ಸಾಗದೆ, ಅವಳು ಕೈಲಾಸಕ್ಕೆ ಮರಳುವ ಎಡೆಯಲ್ಲಿ ತುಸು ನಿಂತು, ಕಾಮಲತೆಯನ್ನೂ ಅಕ್ಕನನ್ನೂ ನೆನೆಯಲಿ. ಸಿದ್ಧಾಂತಕ್ಕೆ ಇದರಿಂದ ಹಾನಿಯಿಲ್ಲ. ಕೇಳುವ ತರುಣರಿಗೆ ಈ ಕಥೆ ತಮ್ಮದೆನಿಸೀತು.